ಬೆನ್ನ ಮೇಲಿನ ನೀರು

ಗುಡ್ಡದ ಮೇಲಿನ ಹೊಂಡಕ್ಕೆ ಅಲ್ಲಿಯ ಗುಡಿಯ ಟ್ರಸ್ಟಿನವರು ಬ್ಲೀಚಿಂಗ್ ಪುಡಿ ಸುರಿದರು. ಹೊಂಡದಲ್ಲಿದ್ದ ಮೀನೆಲ್ಲ ಸತ್ತವು. ಆ ಮೀನುಗಳನ್ನು ಬೆನ್ನ ಮೇಲೆ ಹೊತ್ತು ತಂದು ಅಲ್ಲಿ ಬಿಟ್ಟಿದ್ದವನು ಕೇರಿಯ ಹನುಮಪ್ಪ.

ಈಗ ಅವನ ಬೂಟಿನ ಕಸೆ ಬಿಚ್ಚಲು ಮಗಳು ನೇತ್ರಾ ಹೆಣಗುತ್ತಿದ್ದಳು. ಮಿಲಿಟರಿ ಬೂಟು. ಪಿಂಚಣಿ ಪಡೆದು ಊರಿಗೆ ಬಂದ ಮೇಲೂ ಗುಡ್ಡ ಹತ್ತುವಾಗ ಅವನು ಬೇರೇನನ್ನೂ ಮೆಟ್ಟಿದವನಲ್ಲ. ಒಂದು ಜೋಡಿ ಸವೆದರೆ ಗಜೇಂದ್ರಗಡದ ಸಂತೆಯಲ್ಲಿ ಅಂಥದ್ದೇ ಇನ್ನೊಂದನ್ನು ಹುಡುಕಿ ತರುತ್ತಿದ್ದ. ನಿನ್ನೆ ಸಂಜೆ ಗುಡ್ಡ ಇಳಿದು ಬಂದು, ಮನೆಯ ಕಟ್ಟೆಯ ಮೇಲೆ ಕೂತು, ಬೂಟು ಬಿಚ್ಚಲು ಬಗ್ಗಿದ. ಬಗ್ಗಿದವನು ಮತ್ತೆ ಏಳಲಿಲ್ಲ. ಬೆಳಗಾಗುವುದರೊಳಗೆ ಕಾಲು ಬಾತು ಕಸೆ ಬಿಗಿದುಕೊಂಡಿತ್ತು.

“ಕುಡಗೋಲ ತಗೊಂಡ ಕೊಯ್ದ ಒಗಿ,” ಅಂದಳು ಹನುಮಪ್ಪನ ಅಕ್ಕ ಮರಿಯವ್ವ. “ಸತ್ತಾಂವಗ ಕಸಿ ಯಾತಕ್ಕ ಬೇಕು.”

“ಬಿಚ್ಚತೇನಿ, ತಡಿ ಅತ್ತಿ.”

“ನಿಮ್ಮಪ್ಪಂದ ಬುದ್ಧಿ ನಿನಗ. ಮಂದಿ ಮಣ್ಣಿಗಿ ಹೊತ್ತಾತಂತ ಕುಂತೈತಿ, ನೀ ಗಂಟ ಬಿಚ್ಚಕೋತ ಕುಂದರ.”

ಹೆಣದ ತಲೆಯ ಬಳಿ ಹನುಮಪ್ಪನ ಹೆಂಡತಿ ರೇಣವ್ವ ಕೂತಿದ್ದಳು. ಬೆಳಗಿನಿಂದ ಅತ್ತಿರಲಿಲ್ಲ. ಈಗ ಅಂದಳು: “ಬೂಟ ಇರಲಿ ಬಿಡ.”

“ಬೂಟ ಹಾಕ್ಕೊಂಡ ಮಣ್ಣಿಗಿ ಹೋಗ್ತಾನನ?” ಅಂದಳು ಮರಿಯವ್ವ.

“ಬರಿಗಾಲಿಲೆ ಎಲ್ಲಿಗಿ ಹ್ವಾದಾಂವ ಅಂವ.”

ನೇತ್ರಾ ಕೈ ಬಿಟ್ಟಳು. ಬೂಟಿನ ಮೇಲಿನ ಗುಡ್ಡದ ಕೆಂಪು ಧೂಳನ್ನು ಮಾತ್ರ ಸೆರಗಿನಿಂದ ಒರೆಸಿದಳು.

ಅಷ್ಟರಲ್ಲಿ ಇನಾಯತ ಬಂದ. ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಇನಾಯತ, ಹನುಮಪ್ಪನ ಜೊತೆ ಗುಡ್ಡ ಹತ್ತುತ್ತಿದ್ದ ಒಬ್ಬನೇ ಗೆಳೆಯ. ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡಿದ್ದ. ಲಾರಿಯ ಹಳೆಯ ತಾಡಪತ್ರಿಯಲ್ಲಿ ಅವನೇ ಹೊಲಿದದ್ದು. ಅದರ ಜೋಡಿ ಚೀಲ ಈ ಮನೆಯ ಗೂಟಕ್ಕೆ ನೇತಾಡುತ್ತಿತ್ತು. ಚೀಲದಿಂದ ಪ್ಲಾಸ್ಟಿಕ್ ಕ್ಯಾನಿನ ಬಾಯಿ ಇಣುಕುತ್ತಿತ್ತು, ಬಾಯಿಗೆ ತೆಳುಬಟ್ಟೆ ಕಟ್ಟಿತ್ತು. ನಿನ್ನೆ ಮುಂಜಾನೆ ಹನುಮಪ್ಪನೇ ಅವನನ್ನು ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿಗೆ ಕಳಿಸಿದ್ದ. ಈ ಹೊಂಡ ಹೋದರೆ ಹೋಗಲಿ, ಗಾಳಿಯಂತ್ರಗಳ ಆಚೆ ಬಂಡೆಯ ಸಂದಿನಲ್ಲಿ ಇನ್ನೊಂದು ನೀರಿನ ದೊಣೆ ಇದೆ, ಯಾರ ಕಣ್ಣಿಗೂ ಬಿದ್ದಿಲ್ಲ, ಮೀನಿನ ಮರಿ ತಾ ಅಂದಿದ್ದ. ಇವತ್ತು ಮುಂಜಾನೆ ನೇತ್ರಾಳ ಫೋನು ಸಿಕ್ಕಾಗ ಇನಾಯತ ಮರಳುವ ದಾರಿಯಲ್ಲಿ, ರೋಣದಲ್ಲಿ ಬಸ್ಸು ಬದಲಿಸುತ್ತಿದ್ದ.

ಅವನು ಬಗ್ಗಿ ಗೆಳೆಯನ ಬೂಟಿನ ತುದಿ ಮುಟ್ಟಿದ. “ಹಣಮ್ಯಾ, ತಂದೇನಿ ನೋಡಪಾ,” ಅಂದ. ಎದ್ದ. ಬೇವಿನ ಮರದ ತನಕ ನಡೆದ, ತಿರುಗಿ ನಳದ ತನಕ ನಡೆದ, ಮತ್ತೆ ಬೇವಿನ ಮರಕ್ಕೆ ಹೋದ.

“ಕುಂದರೋ ಇನಾಯತಣ್ಣ,” ಅಂದರು ಯಾರೋ.

“ಕುಂದರೂ ಹಂಗಿಲ್ಲ.”

“ಚೀಲರ ಇಳಸು.”

“ಇಳಸೂ ಹಂಗಿಲ್ಲ.”

“ತಲಿ ತಿರಗೇತಿ ಪಾಪ,” ಎಂದು ಹೆಂಗಸರು ಪಿಸುಗುಟ್ಟಿದರು. ರೇಣವ್ವ ಎದ್ದು ಬಂದು, ನಡೆಯುತ್ತಿದ್ದವನ ಹಿಂದೆಯೇ ನಡೆಯುತ್ತ, ಕ್ಯಾನಿನ ಬಟ್ಟೆ ಸರಿಸಿ ಒಳಗೆ ನೋಡಿದಳು.

“ಅದಾವನ?”

“ಅದಾವ ವೈನಿ. ಎಲ್ಲಾ ಅದಾವ.”

ಅವಳಿಗೆ ಆಗ ಅಳು ಬಂತು.

*

ಹನುಮಪ್ಪ ಮಿಲಿಟರಿಯಲ್ಲಿ ಬಂದೂಕಿಗಿಂತ ಹೆಚ್ಚು ಹಿಡಿದದ್ದು ಹೇಸರಗತ್ತೆಯ ಹಗ್ಗವನ್ನು. ಹಿಮದ ಗುಡ್ಡಗಳಲ್ಲಿ ರಸ್ತೆ ಮುಗಿದ ಮೇಲೆ, ಕಾವಲಿನವರಿಗೆ ಹಿಟ್ಟು, ಸೀಮೆಎಣ್ಣೆ ಹೊತ್ತು ಹತ್ತುವ ಕತ್ತೆಗಳನ್ನು ನಡೆಸುವುದು ಅವನ ಕೆಲಸ. ಅವನ ಸಾಹೇಬನಿಗೆ ಮೀನಿನ ಹುಚ್ಚು. ರಜೆ ಸಿಕ್ಕರೆ ಸಾಕು, ಗುಡಾರ, ಒಲೆ, ಗಾಳದ ಕೋಲು ಎಲ್ಲವನ್ನೂ ಹನುಮಪ್ಪನ ಬೆನ್ನಿಗೆ ಹೇರಿ, ಮರ ಮುಗಿದು ಹುಲ್ಲು, ಹುಲ್ಲು ಮುಗಿದು ಬರೀ ಕಲ್ಲು ಬರುವಷ್ಟು ಎತ್ತರದ ಸರೋವರಗಳಿಗೆ ಹೊರಡುತ್ತಿದ್ದ.

ಮೊದಲ ಸಲ ಅಂಥ ದಂಡೆಯಲ್ಲಿ ಚೀಲ ಇಳಿಸಿದ ಹನುಮಪ್ಪ ಸಾಹೇಬನ ಮುಖ ನೋಡಿದ. ನೀರಿನ ಮುಂದೆ ನಿಂತಾಗ ಯಾರದಾದರೂ ಮುಖ ನೋಡುವುದು ಊರಲ್ಲಿ ಕಲಿತ ರೂಢಿ. ಸಾಹೇಬ ಗಾಳಕ್ಕೆ ದಾರ ಪೋಣಿಸುತ್ತಿದ್ದ. ಇವನ ನೋಟ ಏನು ಕೇಳುತ್ತಿದೆ ಎಂಬುದೇ ಅವನಿಗೆ ತಿಳಿಯಲಿಲ್ಲ. ಹನುಮಪ್ಪ ಹೊಟ್ಟೆಯ ಮೇಲೆ ಮಲಗಿ, ಎರಡೂ ಕೈ ಮೊಣಕೈ ತನಕ ಅದ್ದಿ, ಬಾಯಿ ಇಟ್ಟು ಕುಡಿದ. ಹಲ್ಲು ಜುಂ ಅಂದವು. ಯಾರೂ ಬೈಯಲಿಲ್ಲ.

ಅವತ್ತು ಸಾಹೇಬನ ಬೆರಳು ಚಳಿಗೆ ಮರಗಟ್ಟಿ ಕೋಲು ಇವನ ಕೈಗೆ ಬಂತು. ಸಿಕ್ಕ ಮೀನಿನ ಮೈಮೇಲೆ, ಹಂಚಿನಿಂದ ಈಗಷ್ಟೇ ತೆಗೆದ ರೊಟ್ಟಿಯ ಮೇಲಿರುವಂಥ ಕಂದು ಚುಕ್ಕೆಗಳು. “ಟ್ರೌಟ್,” ಅಂದ ಸಾಹೇಬ. ಹನುಮಪ್ಪ ಅದನ್ನು ಕೆಳಗಿಡಲು ಮನಸ್ಸಾಗದೆ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದ.

ಹೊಳೆಯೇ ಹತ್ತಲಾರದ ಎತ್ತರಕ್ಕೆ ಈ ಮೀನು ಹೇಗೆ ಬಂತು ಎಂದು ಕೇಳಿದರೆ, ಅಲ್ಲಿಯ ಮುದುಕ ಕತ್ತೆಯವನೊಬ್ಬ ನಕ್ಕ. ಮೀನು ಗುಡ್ಡ ಹತ್ತುವುದಿಲ್ಲ, ಯಾರೋ ಹೊತ್ತು ಹತ್ತಿಸಿರುತ್ತಾರೆ. ಅವನ ಅಜ್ಜನೇ ಹೊತ್ತಿದ್ದನಂತೆ, ಡಬ್ಬಿಗಳಲ್ಲಿ, ಹೇಸರಗತ್ತೆಯ ಬೆನ್ನ ಮೇಲೆ. ಕತ್ತೆಯ ಹೆಜ್ಜೆಗೆ ಡಬ್ಬಿಯ ನೀರು ಕುಲುಕುತ್ತಿರಬೇಕು, ಕುಲುಕಿದರೆ ನೀರಿಗೆ ಗಾಳಿ ಸೇರುತ್ತದೆ. ದಣಿವಾಯಿತೆಂದು ನಿಂತೆಯೋ, ಮರಿಗಳು ಉಸಿರುಗಟ್ಟಿ ಹೊಟ್ಟೆ ಮೇಲಾಗುತ್ತವೆ.

ರಜೆಗೆ ಬಂದಾಗಲೆಲ್ಲ ಹನುಮಪ್ಪ ಮಗಳ ತೊಟ್ಟಿಲು ತೂಗುತ್ತ ಇದನ್ನೇ ಹೇಳುತ್ತಿದ್ದ. “ನಿಂತರ ಸಾಯ್ತಾವ ನೇತ್ರಿ. ನಿಂದ್ರೂ ಹಂಗಿಲ್ಲ.” ರೇಣವ್ವ ಒಳಗಿನಿಂದ, “ಕೂಸಿಗಿ ನಿದ್ದಿ ಹತ್ತೇತಿ, ಇನ್ನರ ನಿಂದರು ಮಾರಾಯ,” ಅನ್ನುತ್ತಿದ್ದಳು.

*

ಹೆಣ ಹೊರುವ ಸಿದಗಿ ಕಟ್ಟಲು ಬಿದಿರು ಬಂದಿತ್ತು. ಕುಣಿ ತೋಡಿದವರು ಗುಡ್ಡದ ಬುಡದಲ್ಲಿ ಕೇರಿಯವರು ಹೆಣ ಹೂಳುವ ಮಣ್ಣಿನ ಜಾಗದಿಂದ ಮರಳಿ ಬಂದಿದ್ದರು. ಅವರ ಹಿಂದೆಯೇ ಮುತ್ತಣ್ಣನ ಬೈಕು ಬಂತು. ಮುತ್ತಣ್ಣ ಗುಡ್ಡದ ಟ್ರಸ್ಟಿನ ಗುಮಾಸ್ತ. ಕೇರಿಯ ಬಾಯಿಗೆ ಬೈಕು ನಿಲ್ಲಿಸಿದ. ಇಳಿಯಲಿಲ್ಲ, ಇಂಜಿನ್ನೂ ಆರಿಸಲಿಲ್ಲ.

“ದುರಗೇಶ ಎಲ್ಲದಾನ?”

ಪಂಚಾಯಿತಿ ಮೆಂಬರ ದುರಗೇಶ ಕೈಯಲ್ಲಿದ್ದ ಹಗ್ಗ ಬಿಟ್ಟು ಬಂದ.

“ನಾಳಿ ಹೊಸಾ ಪಾವಟಗಿ ಉದ್ಘಾಟನಾ ಐತಿ, ಗೊತ್ತೈತಲ್ಲ. ಮೇಲ ಹೊಂಡ ನಾರಾಕತ್ತೇತಿ. ಮೂಗ ಹಿಡಿಯಾಕ ಆಗವಲ್ದು. ಒಂದ ನಾಕ ಮಂದಿ ಹೋಗಿ ಆ ಸತ್ತ ಮೀನ ತಗದು ಹೊರಗ ಒಗದ ಬರ್ರಿ ಅಂದಾರ ನಮ್ಮ ಅಧ್ಯಕ್ಷರು ಪ್ರಭುಲಿಂಗಪ್ಪನವರು.”

“ಇವತ್ತರೀ? ಮನ್ಯಾಗ ಹೆಣಾ ಐತ್ರಿ.”

“ಅದಕ್ಕಽ ಇವತ್ತ. ಒಗದ ಬಂದ ಮ್ಯಾಲೆ ಕೀಲಿ ತಗೀತಾರಂತ.”

“ಯಾವ ಕೀಲಿ?”

“ಗೇಟಿಂದು.” ಮುತ್ತಣ್ಣ ಹಿಡಿಕೆಯ ಮೇಲಿನ ತನ್ನ ಕೈಗಳನ್ನು ನೋಡುತ್ತ ಹೇಳಿದ. “ನಾ ಹಾಕಿಲ್ಲೋ ತಮ್ಮಾ. ನನಗ ಹೇಳಂದಾರ, ಹೇಳೇನಿ.”

ಕಳೆದ ವರ್ಷ ಗುಡ್ಡದ ಬುಡಕ್ಕೆ ಟ್ರಸ್ಟು ತಂತಿಬೇಲಿ ಹಾಕಿಸಿತ್ತು. ಕೇರಿಯವರ ಮಣ್ಣಿನ ಜಾಗ ಬೇಲಿಯ ಒಳಗೆ ಸೇರಿಹೋಗಿತ್ತು. ಒಂದು ಗೇಟು ಬಿಟ್ಟಿದ್ದೇವಲ್ಲ, ಯಾವಾಗ ಬೇಕಾದರೂ ಬರ್ರಿ ಅಂದಿದ್ದರು. ಈಗ ತೋಡಿದ ಕುಣಿ ಆ ಕಡೆ ಬಾಯಿ ತೆರೆದು ಬಿದ್ದಿತ್ತು, ಹೆಣ ಈ ಕಡೆ ಇತ್ತು.

ನೇತ್ರಾ ಮುಂದೆ ಬಂದಳು. ಅವಳು ಟಂಟಂ ಓಡಿಸುವವಳು. ಸೂಡಿ, ಗಜೇಂದ್ರಗಡದ ದಾರಿಯಲ್ಲಿ ಅವಳ ಗಾಡಿ ಹತ್ತದ ಹೆಂಗಸರಿಲ್ಲ. ಮುತ್ತಣ್ಣನ ಹೆಂಡತಿಯೂ ಹತ್ತುತ್ತಿದ್ದಳು.

“ಹೊಂಡದ ಪಾವಟಗಿ ಮ್ಯಾಲೆ ನಾವು ಕಾಲ ಇಡೂ ಹಂಗಿಲ್ಲಲ್ರಿ ಮುತ್ತಣ್ಣಾರ. ಹೊಲಸ ತಗಿಯಾಕಾದ್ರ ಇಡಬಹುದೇನ್ರಿ?”

“ಇವತ್ತೊಂದ ದಿವಸ.”

“ನಾಳಿಗಿ ಮತ್ತ ಮೈಲಿಗಿ ಆಕ್ಕೈತಿ.”

“ನಿಮ್ಮಪ್ಪನ ಮೀನವಾ. ನಿಮ್ಮಪ್ಪನಽ ಬಿಟ್ಟಾನ ಅಂತ ಊರ ಮುಂದ ಹೇಳ್ಯಾನಲ್ಲ. ನಿಮ್ಮ ಮೀನ, ನೀವ ತಗೀರಿ. ಇಷ್ಟಽ ಅವರು ಅನ್ನೂದು.”

ಬೈಕು ಹೋಯಿತು. ಕೇರಿಯ ಇಬ್ಬರು ಹುಡುಗರು ಹೇಳಿಸಿಕೊಳ್ಳದೆ ಬಕೀಟು ಹುಡುಕಲು ಹೊರಟರು. ದುರಗೇಶ ನೇತ್ರಾಳನ್ನು ಬದಿಗೆ ಕರೆದ.

“ಅರ್ಧಾ ತಾಸಿನ ಕೆಲಸ ತಂಗಿ. ಹೆಣಾ ಇಟಗೊಂಡ ಹಟಾ ಮಾಡೂದ ಬ್ಯಾಡ. ಮೊದಲ ಕಾಕಾಂದ ಮಣ್ಣಾಗಲಿ, ಆಮ್ಯಾಲೆ ಪೊಲೀಸ, ತಹಸೀಲ್ದಾರ, ಎಲ್ಲಿಗರ ಹೋಗೋಣು.”

“ಪುಡಿ ಹೊತ್ತಾಗೂ ಹಿಂಗಽ ಅಂದಿದ್ದಿ.”

ಅವನು ಮುಖ ಬೇರೆ ಕಡೆ ಮಾಡಿದ. ಪುಡಿಯ ಚೀಲಗಳನ್ನು ಗುಡ್ಡಕ್ಕೆ ಹೊತ್ತವರು ಕೇರಿಯ ಹುಡುಗರೇ. ನೀರು ಸ್ವಚ್ಛ ಮಾಡುವ ಪುಡಿ ಅಂದಿದ್ದರು, ಕೂಲಿ ಕೊಟ್ಟಿದ್ದರು. ಮೊದಲ ಚೀಲ ದುರಗೇಶನ ಹೆಗಲ ಮೇಲಿತ್ತು.

“ಮಾಡೇ ಬಂದೇವಿ,” ಅಂದಳು ಮರಿಯವ್ವ, ಸಿದಗಿಗೆ ಹುಲ್ಲು ಹಾಸುತ್ತ. “ಸತ್ತ ಎಮ್ಮಿ ಎಳದೇವಿ, ಸತ್ತ ನಾಯಿ ಎಳದೇವಿ. ಮೀನೇನ ಹಗರ ಇರತಾವು. ಹೊತ್ತ ಮುಳಗೂದ್ರಾಗ ನನ್ನ ತಮ್ಮ ಮಣ್ಣಾಗ ಹೋದರ ಸಾಕವಾ ನನಗ.”

ಅದೂ ಸುಳ್ಳಲ್ಲ. ನೇತ್ರಾ ತಾಯಿಯ ಕಡೆ ನೋಡಿದಳು. ರೇಣವ್ವ ಗಂಡನ ಕೈಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಅಂಗಳದಲ್ಲಿ ಇನಾಯತ ಬೇವಿನ ಮರದಿಂದ ನಳಕ್ಕೆ ನಡೆಯುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

“ಮೊದಲ ಎತ್ತೂಣು,” ಅಂದಳು ನೇತ್ರಾ. “ಗೇಟಿನ ಮುಂದ ನೋಡೂಣು.”

*

ಊರ ಗುಡ್ಡದ ಹೊಂಡ ಯಾವ ಕಾಲದಲ್ಲಿ ಕಡಿದದ್ದೋ, ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಕೇರಿಯವರು ಅದರ ಪಾವಟಿಗೆ ಇಳಿಯುವಂತಿಲ್ಲ. ಕಾನೂನು ಬೇರೆ ಹೇಳುತ್ತಿತ್ತು, ಆದರೆ ಆ ಗುಡ್ಡ ಹತ್ತುವಷ್ಟು ದಮ್ಮು ಕಾನೂನಿಗೆ ಎಂದೂ ಇರಲಿಲ್ಲ.

ಪಿಂಚಣಿಯಾಗಿ ಬಂದ ಹನುಮಪ್ಪನಿಗೆ ಮನೆಯಲ್ಲಿ ಕೂಡುವುದು ಆಗಲಿಲ್ಲ. ಒಂದು ದಿನ ಇನಾಯತನಿಂದ ಎರಡು ಬೆನ್ನಚೀಲ ಹೊಲಿಸಿ, ಅವನನ್ನೂ ಎಳೆದುಕೊಂಡು ಹೊಳೆಮಣ್ಣೂರಿಗೆ ಹೋದ. ಹೊಳೆಯಲ್ಲಿ ಬಲೆ ಬೀಸುವವರಿಂದ ಕ್ಯಾನು ತುಂಬ ಮರಿ ತುಂಬಿಸಿಕೊಂಡು ಇಬ್ಬರೂ ಬಸ್ಸು ಹತ್ತಿದರು.

“ಏನೋ ಅದು, ಎಣ್ಣೀನ?” ಅಂದ ಕಂಡಕ್ಟರ್.

“ಮೀನ್ರಿ. ಜೀವಂತ ಅದಾವ.”

“ಜೀವಂತ ಇದ್ದರ ಟಿಕೀಟ ತಗೀಬೇಕಾಕ್ಕೈತಿ.”

“ಅರ್ಧಾ ಟಿಕೀಟ ಮಾಡ್ರಿ ಸಾಹೇಬ್ರ,” ಅಂದ ಇನಾಯತ. “ಇನ್ನೂ ಸಾಲಿಗಿ ಹಚ್ಚಿಲ್ಲ ಇವನ್ನ.”

ರೋಣದ ತನಕ ಹನುಮಪ್ಪ ಕ್ಯಾನನ್ನು ತೊಡೆಯ ಮೇಲಿಟ್ಟು ಕುಲುಕಿದ. ರೋಣ ದಾಟಿದ ಮೇಲೆ ಕುಲುಕುವ ಕೆಲಸವೇ ಉಳಿಯಲಿಲ್ಲ. ಬಸ್ಸು ತಗ್ಗಿನಿಂದ ತಗ್ಗಿಗೆ ಹಾರುತ್ತಿತ್ತು, ಪ್ರಯಾಣಿಕರ ತಲೆ ಛಾವಣಿಗೆ ಬಡಿಯುತ್ತಿತ್ತು, ಕ್ಯಾನಿನೊಳಗೆ ನೀರು ಬುರುಬುರು ನೊರೆಗಟ್ಟುತ್ತಿತ್ತು. “ಮಿಲಿಟರಿ ಕತ್ತೀಗಿಂತ ಚಲೋ ಐತೋ ನಮ್ಮ ರಸ್ತಾ,” ಅಂದ ಹನುಮಪ್ಪ. ಡಾಂಬರು ಹಾಕಿದ್ದರೆ ಅರ್ಧ ಮರಿ ದಾರಿಯಲ್ಲೇ ಸಾಯುತ್ತಿದ್ದವು ಎಂದು ಇನಾಯತ ಆಮೇಲೆ ಎಲ್ಲರಿಗೂ ಹೇಳುತ್ತಿದ್ದ. ನಮ್ಮ ಎಮ್ಮೆಲ್ಲೆಯಿಂದ ಉಪಕಾರ ಆದ ಜೀವ ಅಂದರೆ ಅವಷ್ಟೇ.

ಗುಡ್ಡದ ಹಿಂಬದಿಯ ಬಂಡೆಯಿಂದ ಹಗ್ಗ ಕಟ್ಟಿ ಹೊಂಡಕ್ಕೆ ಕ್ಯಾನು ಇಳಿಸಿದರು. ಮರುವರ್ಷದಿಂದ ರೊಟ್ಟಿ, ಕೆಂಪು ಚಟ್ನಿ, ಕೌದಿ ಚೀಲಕ್ಕೆ ತುರುಕಿ ಇಬ್ಬರೂ ಹತ್ತುವರು, ಅದೇ ಬಂಡೆಯ ಮೇಲೆ ಕೂತು ಗಾಳ ಬಿಡುವರು. “ನಾವೇನ ನೀರ ಮುಟ್ಟೇವೇನು? ದಾರ ಮುಟ್ಟೇತಿ,” ಅನ್ನುವನು ಹನುಮಪ್ಪ. ಹೊಳೆಯ ಸಾದಾ ಮೀನಾದರೂ ಕೇರಿಯಲ್ಲಿ ಅದರ ಹೆಸರು ಟ್ರೌಟ್ ಅಂತಲೇ ಬಿತ್ತು. ಮರಿಯವ್ವ ಅದರ ಸಾರಿಗೆ ಹುಣಸೆಹುಳಿ ಜಾಸ್ತಿ ಹಿಂಡುತ್ತಿದ್ದಳು.

ಒಂದು ಸೋಮವಾರ ಭಕ್ತರೊಬ್ಬರು ಹೊಂಡಕ್ಕೆ ಚುರುಮುರಿ ಎಸೆದಾಗ ಮೀನು ಬಾಯಿ ತೆರೆದು ಮೇಲೆ ಬಂತು. ಯಾವ ಹೊಳೆಯೂ ಸೇರದ ಗುಡ್ಡದ ತುದಿಯಲ್ಲಿ ಮೀನು. ಊರು ಕೈಮುಗಿಯಿತು. ಟ್ರಸ್ಟು ಬೋರ್ಡು ಹಾಕಿಸಿತು: ದೇವರ ಮೀನು, ಹಿಡಿಯಬಾರದು. ಪಾವಟಿಗೆಯ ಮೇಲೆ ಚುರುಮುರಿಯ ಅಂಗಡಿ ಬಂತು. ಹನುಮಪ್ಪ ಗಾಳ ಮಡಿಸಿಟ್ಟ, ಹತ್ತುವುದು ಬಿಡಲಿಲ್ಲ. ದೂರದ ಬಂಡೆಯ ಮೇಲೆ ಕೂತು ದೊಡ್ಡ ಮನುಷ್ಯರು ತನ್ನ ಮೀನಿಗೆ ಕೈಮುಗಿಯುವುದನ್ನು ನೋಡಿ ಇಳಿದು ಬರುತ್ತಿದ್ದ. ಇಳಿಯುವಾಗ ಅವನ ಮುಖದಲ್ಲಿ ಏನೋ ಒಂದು ತಡೆಯಲಾರದೆ ಕುಣಿಯುತ್ತಿತ್ತು.

ಈ ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಹಳೆಯ ಸೈನಿಕನೆಂದು ಅವನಿಗೆ ಸನ್ಮಾನ ಮಾಡಿದರು. ಟ್ರಸ್ಟಿನ ಅಧ್ಯಕ್ಷ ಪ್ರಭುಲಿಂಗಪ್ಪನೇ ಶಾಲು ಹೊದಿಸಿದ, ಎರಡು ಮಾತಾಡು ಅಂದ. ಹನುಮಪ್ಪ ಮೈಕಿನ ಮುಂದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತ.

“ನಿಮಗೆಲ್ಲಾರಿಗೂ ಇಷ್ಟ ಆಗಿರೂ ಮೀನ ದೇವರ ಬಿಟ್ಟಿದ್ದಲ್ರಿ,” ಅಂದ. “ಇದರ ಮ್ಯಾಲೆ ಬಂದಾವ.” ತಿರುಗಿ, ಶಾಲು ಸರಿಸಿ, ಸಭೆಗೆ ತನ್ನ ಬೆನ್ನು ತೋರಿಸಿದ.

ಸಾಲಿ ಮಕ್ಕಳು ಚಪ್ಪಾಳೆ ತಟ್ಟಿದರು. ಮಾಸ್ತರರು ಕಣ್ಣು ಬಿಟ್ಟ ಮೇಲೆ ಅದೂ ನಿಂತಿತು. ಅದೇ ವಾರ ಟ್ರಸ್ಟು ಪುಡಿಯ ಚೀಲ ತರಿಸಿತು.

*

ಸಿದಗಿ ಎತ್ತುವ ಹೊತ್ತಿಗೆ ನೇತ್ರಾ ಮುಂದಿನ ಎಡ ಮೂಲೆಗೆ ಹೆಗಲು ಕೊಟ್ಟಳು.

“ಹೆಣ್ಮಕ್ಕಳು ಹೊರೂ ಹಂಗಿಲ್ಲವಾ,” ಅಂದರು ಹಿರಿಯರು.

“ದಿನಾ ಹನ್ನೆಡ್ಡ ಮಂದೀನ ಹೊತಗೊಂಡ ತಿರಗತೇನಿ. ಇದ ಒಂದ ಹೆಚ್ಚಲ್ಲ.”

ಬಲ ಮೂಲೆಗೆ ದುರಗೇಶ ನಿಂತ. ಹಲಗಿ ಬಾರಿಸುವವರು ಮುಂದೆ, ಹಿಂದೆ ಹೆಂಗಸರು, ಹೆಂಗಸರ ಹಿಂದೆ ಬೆನ್ನಿಗೆ ಕ್ಯಾನು ಕಟ್ಟಿಕೊಂಡ ಇನಾಯತ. ಬಕೀಟು ಹಿಡಿದ ಹುಡುಗರು ಎಲ್ಲಿ ನಡೆಯಬೇಕೆಂದು ತಿಳಿಯದೆ ಬದಿಗೆ ನಡೆಯುತ್ತಿದ್ದರು. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿದ್ದವು. ಗಾಳಿ ಅಲ್ಲಿಂದ ಇಳಿದು ಬರುತ್ತಿತ್ತು, ಕೊಳೆತ ಮೀನಿನ ವಾಸನೆಯನ್ನು ಊರಿಗೂ ಕೇರಿಗೂ ಒಂದೇ ಸಮ ಹಂಚುತ್ತ.

ಕೇರಿಯಲ್ಲಿ ಒಂದು ನೇಮವಿದೆ. ಎತ್ತಿದ ಸಿದಗಿಯನ್ನು ಮಣ್ಣಿನ ಜಾಗದ ನಡುಗಲ್ಲು ಮುಟ್ಟುವ ತನಕ ನೆಲಕ್ಕೆ ಇಳಿಸುವುದಿಲ್ಲ. ನಡುಗಲ್ಲು ಬೇಲಿಯ ಒಳಗಿತ್ತು.

ಗೇಟಿನ ಪಕ್ಕದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಪ್ರಭುಲಿಂಗಪ್ಪ ಕೂತಿದ್ದ. ಹಲಗಿ ಹತ್ತಿರ ಬಂದಾಗ ಎದ್ದು ನಿಂತು ಕೈಮುಗಿದ.

“ಹಣಮಪ್ಪ ಚಲೋ ಮನಷ್ಯಾ,” ಅಂದ. “ನನ್ನ ಕೈಲೇ ಶಾಲ ಹೊದಿಸೇನಿ. ಮಾತ ಒಂದ ಜಾಸ್ತಿ ಆತು ಅಂವಂದು. ಇರಲಿ. ಇಳಸ್ರಿ, ದಣದೀರಿ. ಹುಡುಗೂರು ಮ್ಯಾಲೆ ಹೋಗಿ ಬರಲಿ, ಅಲ್ಲೀತನಕ ನೆರಳಿಗಿ ಕುಂದರ್ರಿ. ನೀರ ಕೊಡಸತೇನಿ.”

“ಕೀಲಿ ತಗಸ್ರಿ ಧಣಿ,” ಅಂದ ದುರಗೇಶ. “ಮಣ್ಣ ಕೊಟ್ಟ ಮ್ಯಾಲೆ ಹೋಗತೇವಿ.”

“ಮೊದಲ ಆ ಕೆಲಸ. ಹೊತ್ತ ಮುಳಗಿದ ಮ್ಯಾಲೆ ಮೇಲ ಕತ್ತಲ ಆಕ್ಕೈತಿ.” ಅವನ ದನಿ ಏರಲಿಲ್ಲ. ಕೀಲಿಕೈ ಅಂಗಿಯ ಜೇಬಿನಲ್ಲಿ ಎದ್ದು ಕಾಣುತ್ತಿತ್ತು. “ಇಳಸ್ರಿ.”

ಹಲಗಿ ನಿಂತಿತು. ದುರಗೇಶನ ಮೊಣಕಾಲು ಮೆಲ್ಲಗೆ ಬಾಗಿತು. ಹಿಂದಿನ ಇಬ್ಬರೂ ಬಾಗಿದರು. ಸಿದಗಿ ಓರೆಯಾಯಿತು, ಮೂರು ಮೂಲೆ ತಗ್ಗಿ, ಒಂದು ಮೂಲೆ ಮೇಲೇ ಉಳಿಯಿತು. ಭಾರವೆಲ್ಲ ಆ ಮೂಲೆಯ ಬಿದಿರಿಗೆ ಜಗ್ಗಿತು. ನೇತ್ರಾಳ ಕುತ್ತಿಗೆಯ ನರ ಉಬ್ಬಿತು, ಮೊಣಕಾಲು ಬಾಗಲಿಲ್ಲ.

“ತಂಗಿ,” ಅಂದ ದುರಗೇಶ, ಬಾಗಿದ್ದಲ್ಲಿಂದಲೇ.

“ಇಳಸೂದಿಲ್ಲ.”

“ಕೆಲಸ ಮಾಡಿ ಬರ್ರಿ ಅಂದೇನಿ, ಕೊಲಿ ಮಾಡ್ರಿ ಅಂದಿಲ್ಲವಾ,” ಅಂದ ಪ್ರಭುಲಿಂಗಪ್ಪ.

“ಅದೂ ಮಾಡೂದಿಲ್ಲ. ನೀವ ಕೊಂದೀರಿ, ನೀವ ತಗೀರಿ.”

“ಎಷ್ಟೊತ್ತ ನಿಂದರತಿ ಹಿಂಗ?”

“ನಿಂದ್ರೂದೂ ಇಲ್ರಿ.”

ಅವಳು ಎಡಗಾಲಿನ ಭಾರವನ್ನು ಬಲಗಾಲಿಗೆ ಹಾಕಿದಳು. ಬಲಗಾಲಿನಿಂದ ಎಡಗಾಲಿಗೆ. ಇದ್ದ ಜಾಗದಲ್ಲೇ, ನಡೆಯುವವರ ಹಾಗೆ. ಬಿದಿರು ಕಿರುಗುಟ್ಟಿತು. ದುರಗೇಶ ಒಂದು ಕ್ಷಣ ಅವಳ ಪಾದಗಳನ್ನೇ ನೋಡಿದ; ಆಮೇಲೆ ಹೆಗಲಿಗೆ ಬಿದಿರನ್ನು ಸರಿಯಾಗಿ ಕೂರಿಸಿ ಎದ್ದ. ಹಿಂದಿನವರೂ ಎದ್ದರು. ಯಾವುದೋ ಹುಡುಗ ಬಕೀಟು ಬೋರಲು ಹಾಕಿದ ಸದ್ದು ಬಂತು. ರೇಣವ್ವ ಮುಂದೆ ಬಂದು ಮಗಳ ಪಕ್ಕ, ಬಿದಿರಿನ ಕೆಳಗೆ ತನ್ನ ಕೈ ಕೊಟ್ಟಳು.

“ಇಳಸ್ರಿ ಅಂದ್ನೆಲ್ಲ,” ಅಂದ ಪ್ರಭುಲಿಂಗಪ್ಪ.

ಯಾರೂ ಇಳಿಸಲಿಲ್ಲ. ಇನಾಯತನ ಬೆನ್ನ ಮೇಲೆ ನೀರು ಲೊಳಕ್, ಲೊಳಕ್ ಅನ್ನುತ್ತಿತ್ತು. ಅದೇ ಲೆಕ್ಕಕ್ಕೆ ಸಿದಗಿ ಈ ಕಡೆಗೂ ಆ ಕಡೆಗೂ ತೂಗುತ್ತಿತ್ತು. ಬಿಳಿಯ ಬಟ್ಟೆಯ ತುದಿಯಿಂದ ಹೊರಗೆ ಬಂದಿದ್ದ ಎರಡು ಬೂಟುಗಳು, ಒಂದಾದ ಮೇಲೆ ಒಂದು, ಗುಡ್ಡ ಹತ್ತುವವನ ಬೂಟಿನ ಹಾಗೆ ಅಲುಗುತ್ತಿದ್ದವು.